ವಕೀಲ ಮಾವನವರ ದಿನಕ್ಕಾರು ಗುಳಿಗೆ

ನಾನು ಕಲ್ಯಾಣದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದ ವರ್ಷ ನಮ್ಮ ಮಾವನವರ ಮೊಣಕಾಲು ನೆಟ್ಟಗೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಮರುವರ್ಷ ಅದು ಕೆಟ್ಟಾಗ, ಹೊಸ ಸೊಸೆಯ ಕಾಲ್ಗುಣ ಸರಿಯಿಲ್ಲ ಅಂತ ಒಂದಿಬ್ಬರು ನೆಂಟರು ಆಡಿಕೊಂಡರು. ಮಾವನವರದು ಕೆಟ್ಟದ್ದು ಎಡಗಾಲು. ನಾನು ಎಲ್ಲರೆದುರಿಗೆ ಬಲಗಾಲಿಟ್ಟೇ ಒಳಗೆ ಬಂದಿದ್ದೆ.

ಮಾವನವರು ಹುಮನಾಬಾದಿನ ಮುನ್ಸಿಫ್ ಕೋರ್ಟಿನಲ್ಲಿ ವಕೀಲರು. ಆಗ ನಮ್ಮದು ನಿಜಾಮರ ರಾಜ್ಯ. ಕೋರ್ಟಿನಲ್ಲಿ ಉರ್ದು ಮಾತಾಡುತ್ತಿದ್ದರು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಮರಾಠಿ. ಮೂರೂ ಭಾಷೆಯಲ್ಲಿ ಅವರು ಸೋಲೊಪ್ಪಿದ್ದನ್ನು ನಾನು ಕೇಳಿರಲಿಲ್ಲ. ಕೋರ್ಟಿನಲ್ಲಿ ಸೋತು ಬಂದ ದಿನವೂ ಮನೆಯಲ್ಲಿ ಅದೇ ಖಟ್ಲೆಯನ್ನು ಅತ್ತೆಯವರ ಮುಂದೆ ಇನ್ನೊಮ್ಮೆ ನಡೆಸಿ ಗೆದ್ದೇ ಊಟಕ್ಕೆ ಕೂಡುತ್ತಿದ್ದರು. ಅತ್ತೆಯವರು ರೊಟ್ಟಿ ಬಡಿಯುತ್ತ ಹೂಂ ಅನ್ನುತ್ತಿದ್ದರು. ಮೂವತ್ತು ವರ್ಷದಿಂದ ಅವರು ಹೂಂ ಅಂದದ್ದರಿಂದಲೇ ಮಾವನವರಿಗೆ ತಮ್ಮ ಕಾನೂನು ಜ್ಞಾನದ ಮೇಲೆ ಅಷ್ಟು ಭರವಸೆ ಬಂದಿರಬೇಕು.

ನನ್ನ ಗಂಡ ಕರೋಡಗಿರಿ ನಾಕೆಯಲ್ಲಿ ಗುಮಾಸ್ತ. ನಾಕೆ ಅಂದರೆ ಸೋಲಾಪುರದ ಕಡೆಯಿಂದ ಬರುವ ಮಾಲಿಗೆ ಸುಂಕ ಹಾಕುವ ಕಟ್ಟೆ. ದಿನವಿಡೀ ಮಂದಿಯ ಗಂಟು ಬಿಚ್ಚಿ ನೋಡುವುದು ಅವರ ಕೆಲಸ. ಮನೆಗೆ ಬಂದ ಮೇಲೆ ತಮ್ಮ ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ.

ಮೊಣಕಾಲು ಕೆಟ್ಟದ್ದು ಹೀಗೆ. ಘಾಟಬೋರಾಳದಲ್ಲಿ ಒಂದು ಹೊಲದ ಬದುವಿನ ತಕರಾರು. ಜಾಗ ನೋಡಲು ಮಾವನವರು ಎತ್ತಿನ ಗಾಡಿಯಲ್ಲಿ ಹೋಗಿದ್ದರು. ಕಕ್ಷಿದಾರ ಇಳಿಸಿಕೊಳ್ಳಲು ಕೈ ಚಾಚಿದನಂತೆ. ಐವತ್ತೈದರ ಮನುಷ್ಯನಿಗೆ ಕೈ ಚಾಚುವುದೆಂದರೇನು ಅಂತ ಮಾವನವರು ಗಾಡಿಯಿಂದ ಧುಮುಕಿದರು. ಬೇಸಿಗೆಯ ಎರೆ ಹೊಲ, ಮೊಳದಗಲದ ಬಿರುಕು. ಒಂದು ಕಾಲು ನೆಲದ ಮೇಲೆ ನಿಂತಿತು, ಇನ್ನೊಂದು ನೆಲದೊಳಗೆ ಇಳಿಯಿತು. ಖಟ್ಲೆ ಗೆದ್ದರು ಅನ್ನಿ. ಆದರೆ ಅಂದಿನಿಂದ ಮೆಟ್ಟಿಲು ಹತ್ತುವಾಗ ಆ ಮೊಣಕಾಲು ಚಟ್ ಅನ್ನತೊಡಗಿತು.

ಹುಲಸೂರಿನ ವೈದ್ಯರು ಒಂದು ಎಣ್ಣೆ ಕೊಟ್ಟರು. ಅದರ ವಾಸನೆ ಎಂಥದೆಂದರೆ, ಮುನ್ಸಿಫ್ ಸಾಹೇಬರು ಇವರ ವಾದವನ್ನು ಅರ್ಧಕ್ಕೇ ನಿಲ್ಲಿಸಿ ಇವರ ಪರವಾಗಿ ತೀರ್ಪು ಕೊಟ್ಟರಂತೆ. ಹಾಗಂತ ಎದುರು ಪಕ್ಷದ ವಕೀಲರು ನಗುತ್ತ ಹೇಳಿಕೊಂಡು ತಿರುಗಿದರು. ಮರುದಿನವೇ ಎಣ್ಣೆ ಬಚ್ಚಲಿನ ಮೂಲೆ ಸೇರಿತು.

ಆಗ ಬಂದದ್ದು ಬಿಳಿ ಗುಳಿಗೆ. ಅರಿವೆ ವ್ಯಾಪಾರಕ್ಕೆ ಸೋಲಾಪುರಕ್ಕೆ ಹೋಗಿಬರುತ್ತಿದ್ದ ಒಬ್ಬ ಕಕ್ಷಿದಾರ ಅಂಗೈಯಗಲದ ತಗಡಿನ ಡಬ್ಬಿ ತಂದುಕೊಟ್ಟ. ಮಾವನವರು ಚಹಾದ ಜೊತೆ ಒಂದು ನುಂಗಿದರು. ಒಂದು ತಾಸಿನಲ್ಲಿ ಎದ್ದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ಓಡಾಡಿದರು.

"ನೋಡಿದೇನ? ಇದಕ್ಕಂತಾರ ಔಷಧ! ಹಚ್ಚೂದಿಲ್ಲ, ತಿಕ್ಕೂದಿಲ್ಲ, ನಾರೂದಿಲ್ಲ. ನುಂಗೂದು, ಎದ್ದು ಹೋಗೂದು" ಅಂತ ಅತ್ತೆಯವರಿಗೆ ಹೇಳಿದರು.

ಅತ್ತೆಯವರು ಹೂಂ ಅಂದರು.

ಅಂದಿನಿಂದ ನಮ್ಮ ಮನೆಯಲ್ಲಿ ನೋವು ಅನ್ನುವುದು ಅಡ್ಡನಾಡಿಗಳ ಚಟವಾಯಿತು. ತಿಳಿದವರು ಗುಳಿಗೆ ನುಂಗುತ್ತಾರೆ, ತಿಳಿಯದವರು ನರಳುತ್ತಾರೆ ಅಂತ ಮಾವನವರು ಜಗತ್ತನ್ನು ಎರಡು ಪಾಲು ಮಾಡಿದರು. ಸೊಂಟ ಹಿಡಿದುಕೊಂಡು ಬಂದ ಕಕ್ಷಿದಾರನಿಗೆ ಮೊದಲು ಗುಳಿಗೆ, ಆಮೇಲೆ ಸಲಹೆ. ಕ್ಷೌರಕ್ಕೆ ಬಂದವನಿಗೆ ಹಲ್ಲುನೋವಿದ್ದರೆ ಅವನಿಗೂ ಒಂದು. ಸಲಹೆಗೆ ಮಾತ್ರ ಫೀಸು, ಗುಳಿಗೆ ಪುಕ್ಕಟೆ. ಹೀಗಾಗಿ ಸಲಹೆಗಿಂತ ಗುಳಿಗೆಗೇ ಹೆಚ್ಚು ಮಂದಿ ಬರತೊಡಗಿದರು. ವರ್ಷ ತಿರುಗುವುದರೊಳಗೆ ನಮ್ಮೂರ ಬಜಾರಿನ ಕಿರಾಣಿ ಅಂಗಡಿಯವನೇ ಬೆಲ್ಲ, ಅಡಿಕೆಯ ಮಗ್ಗುಲಿಗೆ ಅದೇ ಡಬ್ಬಿಗಳನ್ನು ಸಾಲಾಗಿ ಇಟ್ಟ. ಬೆಲ್ಲ ಕೊಳ್ಳಲು ಯಾರ ಚೀಟಿಯೂ ಬೇಡ, ಗುಳಿಗೆಗೂ ಬೇಡ. ಬೆಲ್ಲ ಎಷ್ಟು ತಿನ್ನಬೇಕೆಂದು ಅಂಗಡಿಯವನು ಹೇಳುವುದಿಲ್ಲ, ಗುಳಿಗೆಯದೂ ಹೇಳಲಿಲ್ಲ.

ಒಂದು ಎರಡಾಯಿತು, ಎರಡು ನಾಲ್ಕಾಯಿತು. ಕೋರ್ಟಿಗೆ ಹೋಗುವ ಮೊದಲು ನೋವಿರಲಿ ಬಿಡಲಿ, ಒಂದು. ಈಗಿನ ವಕೀಲರು ನಿರೀಕ್ಷಣಾ ಜಾಮೀನು ಅನ್ನುತ್ತಾರಲ್ಲ, ಹಾಗೆ ನೋವು ಬಂದೀತೆಂದು ಮುಂಚೆಯೇ ತೆಗೆದುಕೊಳ್ಳುವ ಗುಳಿಗೆ ಅದು. ಕೋರ್ಟಿನಿಂದ ಬಂದ ಮೇಲೆ ಮೆಟ್ಟಿಲು ಹತ್ತಿದ್ದಕ್ಕೆ ಒಂದು. ತಲೆ ಭಾರವಾದರೆ ಒಂದು. ಪ್ರತಿಯೊಂದಕ್ಕೂ ಒಂದು ಲೋಟ ನೀರು ಬೇಕು, ನೀರು ಕೊಡುವವಳು ನಾನು. ಹೀಗಾಗಿ ಲೆಕ್ಕ ನನಗೆ ತಾನಾಗಿಯೇ ಗೊತ್ತಾಗುತ್ತಿತ್ತು.

ಸೋಮವಾರ ಮಾವನವರದು ಒಪ್ಪತ್ತು. ಸಂಜೆ ಪೂಜೆಯಾಗುವವರೆಗೆ ಹಲ್ಲಿಗೆ ಒಂದಗುಳು ತಾಗಿಸುತ್ತಿರಲಿಲ್ಲ. ಅತ್ತೆಯವರು ಒಮ್ಮೆ ಅಂಜುತ್ತಂಜುತ್ತ, "ಖಾಲಿ ಹೊಟ್ಟಿಮ್ಯಾಲ ಗುಳಗಿ ನುಂಗಿದ್ರ ವ್ರತ ಕೆಡೂದಿಲ್ಲೇನ್ರಿ?" ಅಂತ ಕೇಳಿದರು.

"ಗುಳಗಿ ಅಂದ್ರ ಆಹಾರ ಅಲ್ಲ. ವ್ರತಕ್ಕ ಬಾಧೆ ಇಲ್ಲ" ಅಂದರು ಮಾವನವರು.

ವ್ರತಕ್ಕೆ ಬಾಧೆಯಾಗಲಿಲ್ಲ. ಹೊಟ್ಟೆಗೆ ಆಯಿತು. ಎದೆಯ ಕೆಳಗೆ ಉರಿ ಅನ್ನತೊಡಗಿದರು. ಆಪಾದಿತರ ಕಟಕಟೆಯಲ್ಲಿ ಗುಳಿಗೆ ನಿಲ್ಲಬೇಕಿತ್ತು, ನಿಲ್ಲಿಸಿದ್ದು ನನ್ನನ್ನು.

"ಕಲ್ಯಾಣದ ಮಂದಿ ಖಾರ ಭಾಳ ಹಾಕ್ತಾರ. ಸೊಸಿ ಬಂದ ಮ್ಯಾಲ ಈ ಉರಿ ಶುರು ಆಗ್ಯಾದ" ಅಂತ ತೀರ್ಪು ಬಂತು. ನನ್ನ ಕಡೆಯಿಂದ ವಾದ ಮಾಡುವವರು ಯಾರೂ ಇರಲಿಲ್ಲ. ಗಂಡನ ಕಡೆ ನೋಡಿದೆ. ಅವರು ತಾಟಿನೊಳಗಿನ ರೊಟ್ಟಿಯನ್ನು ಸುಂಕದ ಮಾಲಿನಂತೆ ತಿರುವಿ ಹಾಕಿ ನೋಡುತ್ತಿದ್ದರು.

ಅಡಿಗೆಮನೆಯಿಂದ ಕೆಂಪು ಖಾರ ಹೋಯಿತು. ವರ್ಷಗಟ್ಟಲೆ ನಾವು ನಾಲ್ವರೂ ಹೆಸರುಬೇಳೆ, ಜೋಳದ ನುಚ್ಚು, ಮಜ್ಜಿಗೆ ಉಂಡೆವು. ಜ್ವರ ಬಂದವರ ಊಟವನ್ನು ಜ್ವರವಿಲ್ಲದೆ ಉಣ್ಣುವುದು ಎಂಥ ಶಿಕ್ಷೆ ಅಂತ ಉಂಡವರಿಗೇ ಗೊತ್ತು. ನಾನು ಹಿತ್ತಲಲ್ಲಿ ಮೆಣಸಿನ ಗಿಡ ಹಚ್ಚಿದ್ದೆ. ಪಾತ್ರೆ ತೊಳೆಯುವ ನೆವದಲ್ಲಿ ಹೋಗಿ ಒಂದು ಹಸಿಮೆಣಸಿನಕಾಯಿ ಕಡಿದು ಬರುತ್ತಿದ್ದೆ. ಒಂದು ದಿನ ಅತ್ತೆಯವರೂ ಅಲ್ಲೇ ಸಿಕ್ಕರು, ಬಾಯಲ್ಲಿ ಮೆಣಸಿನಕಾಯಿ, ಕಣ್ಣಲ್ಲಿ ನೀರು. ಇಬ್ಬರೂ ಒಂದು ಮಾತೂ ಆಡದೆ ಒಳಗೆ ಬಂದೆವು. ಮಾವನವರ ಉರಿ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅದಕ್ಕೆ ಸೋಡಾಪುಡಿ ಶುರುವಾಯಿತು. ಸೋಡಾ ಕುಡಿದು ತೇಗಿದ ಮೇಲೆ ಇನ್ನೊಂದು ಗುಳಿಗೆಗೆ ಜಾಗವಾಯಿತೆಂದು ಅವರ ಲೆಕ್ಕ.

ಇಷ್ಟು ಹೇಳಿ ನಾನು ಬುದ್ಧಿವಂತೆ ಅನ್ನಿಸಿಕೊಳ್ಳುವುದು ಸರಿಯಲ್ಲ. ಮೊದಲ ಮಗಳು ಹುಟ್ಟಿದ ಮೇಲೆ ನಿದ್ದೆಗೆಟ್ಟು ನನಗೂ ತಲೆಶೂಲೆ ಹತ್ತಿತು. ಮಾವನವರೇ ಬಾಗಿಲ ಹೊರಗೆ ನಿಂತು, "ತಗೋವಾ ತಂಗಿ, ತಿಳದಾಕಿ ಇದ್ದಿ, ನರಳ್ಕೊಂತ ಕೂಡಬ್ಯಾಡ" ಅಂತ ಒಂದು ಗುಳಿಗೆ ಕೊಡಿಸಿದರು. ತಿಳಿದಾಕಿ ಅನ್ನಿಸಿಕೊಂಡದ್ದು ಆ ಮನೆಯಲ್ಲಿ ಅದೇ ಮೊದಲು. ನುಂಗಿದೆ. ಹಾಯೆನಿಸಿತು. ಮರುದಿನ ಮತ್ತೆ ತಲೆ ಹಿಡಿಯಿತು, ಮತ್ತೆ ನುಂಗಿದೆ. ನಾಲ್ಕಾರು ತಿಂಗಳಲ್ಲಿ ನಾನೂ ದಿನಕ್ಕೆರಡರ ಗಿರಾಕಿಯಾದೆ. ಬೆಳಿಗ್ಗೆ ಎದ್ದರೆ ತಲೆನೋವು, ಗುಳಿಗೆ ನುಂಗಿದರೆ ಶಾಂತಿ, ಇಳಿಹೊತ್ತಿಗೆ ಮತ್ತೆ ತಲೆನೋವು. ಗುಳಿಗೆ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಅಂತ ಆ ಡಬ್ಬಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ತಂಗಿಯ ಮದುವೆ ಗೊತ್ತಾಯಿತೆಂದು ಕಲ್ಯಾಣಕ್ಕೆ ಹೋದೆ, ಒಂದು ತಿಂಗಳ ಮಟ್ಟಿಗೆ. ಒಯ್ದಿದ್ದ ಗುಳಿಗೆ ಮೂರೇ ದಿನಕ್ಕೆ ತೀರಿತು. ಕಲ್ಯಾಣದ ಬಜಾರಿನಲ್ಲಿ ಅಂಥದ್ದು ಇನ್ನೂ ಬಂದಿರಲಿಲ್ಲ. ತವರಿನಿಂದ ಗಂಡನಿಗೆ ಬರೆದ ಮೊದಲ ಪತ್ರದಲ್ಲಿ ಕುಶಲ ಕೇಳುವ ಮೊದಲೇ ಒಂದು ಡಬ್ಬಿ ಕಳಿಸಿರಿ ಅಂತ ಬರೆದೆ. ಅವರು ಪತ್ರಕ್ಕೂ ಬಾಯಿ ಬಿಚ್ಚಲಿಲ್ಲ. ಗುಳಿಗೆಯಿಲ್ಲದ ಮೊದಲ ನಾಲ್ಕೈದು ದಿನ ತಲೆಗೆ ಸೀರೆಯ ತುಂಡು ಬಿಗಿದುಕೊಂಡು ಮೂಲೆ ಹಿಡಿದೆ. ಬಳೆಗಾರ ಬಂದರೆ ಸಿಟ್ಟು, ಮಕ್ಕಳು ನಕ್ಕರೆ ಸಿಟ್ಟು.

"ಏನಾಗ್ಯಾದವಾ ನಿನಗ? ಗಂಡನ ಮನ್ಯಾಗ ಯಾರರೆ ಏನರೆ ಅಂದಾರೇನು?" ಅಂತ ಅವ್ವ ಕೇಳಿದಳು.

"ಇಲ್ಲವ್ವಾ, ಗುಳಗಿ ತೀರ್ಯಾದ."

ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಮ್ಮ ಓಣಿಯ ಅಫೀಮಿನ ಮುದುಕನೊಬ್ಬ ಚೀಲ ಖಾಲಿಯಾದಾಗ ಹೀಗೇ ಕೂಡುತ್ತಿದ್ದನೆಂದು ಅವಳು ಹೇಳಲಿಲ್ಲ. ಹೇಳದಿದ್ದದ್ದು ನನಗೆ ಕೇಳಿಸಿತು.

ಆರನೆಯ ದಿನವೋ ಏಳನೆಯ ದಿನವೋ ಎದ್ದಾಗ ತಲೆ ಹಗುರಾಗಿತ್ತು. ಅಂದು ನೋಯಲಿಲ್ಲ, ಮರುದಿನವೂ ನೋಯಲಿಲ್ಲ. ಮದುವೆಯ ಗದ್ದಲದಲ್ಲಿ ವಾಲಗ ಕಿವಿಯ ಪಕ್ಕದಲ್ಲೇ ಊದಿದರೂ ನೋಯಲಿಲ್ಲ. ಆಗ ನನಗೆ ಹೊಳೆಯಿತು. ನನ್ನ ತಲೆನೋವಿಗೆ ಗುಳಿಗೆಯೇ ಮೂಲ. ವಕೀಲರೇ ಅಣ್ಣತಮ್ಮಂದಿರಲ್ಲಿ ಜಗಳ ಹಚ್ಚಿ, ಮರುದಿನ ಅವರಿಬ್ಬರಿಂದಲೂ ವಕಾಲತ್ತು ಬರೆಸಿಕೊಂಡ ಹಾಗಿತ್ತು ಅದರ ಕೆಲಸ.

ಹುಮನಾಬಾದಿಗೆ ಮರಳಿದವಳೇ ಗಂಡನಿಗೆ ಎಲ್ಲ ಹೇಳಿದೆ. "ಮಾವಾರಿಗೂ ಇದೇ ಆಗ್ಯಾದ್ರಿ. ಒಂದ್ ವಾರ ಬಿಟ್ಟು ನೋಡ್ರಿ ಅಂತ ನೀವ ಹೇಳ್ರಿ."

"ಅಪ್ಪಾರಿಗೆ ಹೇಳೋರು ಯಾರು?" ಅಂದರು.

"ನೀವು."

ಅಂದು ಅವರು ನಾಕೆಗೆ ಒಂದು ತಾಸು ಮೊದಲೇ ಹೋದರು. ಅತ್ತೆಯವರಿಗೆ ಹೇಳಿದೆ. "ಅವ್ರಿಗೆ ತಿಳೀದಿದ್ದದ್ದು ನಮಗ ತಿಳೀತದೇನವಾ?" ಅಂದರು. ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮಾವನೆದುರು ಸೊಸೆ ಮಾತಾಡಬಾರದು ಅನ್ನುವ ಪದ್ಧತಿ ಅಂದು ನನಗೆ ಬಹಳ ಅನುಕೂಲವಾಗಿ ಕಂಡಿತು. ನಾನು ಗುಳಿಗೆ ಬಿಟ್ಟೆ, ಅವರಿಗೆ ನೀರು ಕೊಡುವುದನ್ನು ಮಾತ್ರ ಬಿಡಲಿಲ್ಲ. ಎರಡು ವರ್ಷ ಹಾಗೇ ನಡೆಯಿತು. ಗಂಡನ ಮೌನವನ್ನು ಅಣಕಿಸಿ ಇಷ್ಟುದ್ದ ಬರೆದವಳು ನನ್ನದನ್ನೂ ಬರೆದಿಡಬೇಕು.

ಅಷ್ಟರಲ್ಲಿ ಜಗತ್ತಿನ ಎರಡನೆಯ ಲಡಾಯಿ ಜೋರಾಗಿತ್ತು. ವಿಲಾಯತಿ ಮಾಲು ಬರುವುದು ಕಡಿಮೆಯಾಗಿ ಗುಳಿಗೆಯ ಡಬ್ಬಿ ಒಮ್ಮೆ ಸಿಕ್ಕರೆ ಒಮ್ಮೆ ಸಿಗುತ್ತಿರಲಿಲ್ಲ. ದೇವರು ಕೊಟ್ಟ ಅವಕಾಶ ಅಂದುಕೊಂಡೆ. ಆದರೆ ಕಿರಾಣಿ ಅಂಗಡಿಯವನು ದೇವರಿಗಿಂತ ಚುರುಕಿದ್ದ. ಕಾಗದದ ಪೊಟ್ಟಣದಲ್ಲಿ ತಲೆನೋವಿನ ಪುಡಿ ತರಿಸಿದ. ಮಾವನವರು ಎರಡನ್ನೂ ಇಟ್ಟುಕೊಂಡರು. ಡಬ್ಬಿ ಸಿಕ್ಕಾಗ ಗುಳಿಗೆ ಮೊಣಕಾಲಿಗೆ, ಪುಡಿ ತಲೆಗೆ. ಎರಡರ ಹೆಸರು ಬೇರೆ, ಮೇಲಿನ ಚಿತ್ರ ಬೇರೆ, ಅಂದ ಮೇಲೆ ಔಷಧವೂ ಬೇರೆ ಅಂತ ಅವರ ವಾದ. ಒಬ್ಬನೇ ಕಳ್ಳ ಎರಡು ಹೆಸರಿಟ್ಟುಕೊಂಡು ಎರಡು ಊರಲ್ಲಿ ಕದ್ದದ್ದನ್ನು ಕೋರ್ಟಿನಲ್ಲಿ ಹಿಡಿದುಕೊಟ್ಟು ಹೆಸರು ಮಾಡಿದ ವಕೀಲರಿಗೆ ಈ ವಿಷಯ ಹೊಳೆಯಲೇ ಇಲ್ಲ.

ಆ ಚಳಿಗಾಲದಲ್ಲಿ ಅವರ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತು. ಕೋರ್ಟಿಗೆ ನಡೆದು ಹೋಗುವವರು ಟಾಂಗಾದಲ್ಲಿ ಹೋಗತೊಡಗಿದರು. ನಾಲ್ಕು ಹೆಜ್ಜೆಗೆ ಏದುಸಿರು. ಒಂದು ದಿನ ಅತ್ತೆಯವರು ಅಡಿಗೆಮನೆಗೆ ಬಂದು ದನಿ ತಗ್ಗಿಸಿ, "ಬಹಿರ್ದೆಸಿಗೆ ಡಾಂಬರಿನಂಗ ಕರ್ರಗ ಹೋಗಾಕತ್ತ್ಯಾದಂತ. ಗುರೆಳ್ಳ ಹಿಂಡಿ ಮಾಡೂದು ಬಿಡ್ರಿ ಅಂದಾರ" ಅಂದರು.

ಖಾರ ಹೋದ ಮೇಲೆ ನಮ್ಮ ಊಟದಲ್ಲಿ ರುಚಿಯೆಂದು ಉಳಿದದ್ದು ಅದೊಂದೇ, ಕಪ್ಪನೆಯ ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿದು ಕುಟ್ಟಿದ ಹಿಂಡಿ. ಅದೂ ಹೋಯಿತು. ಕರ್ರಗೆ ಹೋಗುವುದು ಹೋಗಲಿಲ್ಲ. ಹಾಗೆ ಹೋಗುವುದು ಏನನ್ನು ತೋರಿಸುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳುವುದು ಮಾವನವರಿಗೆ ಮಾನಭಂಗ.

ವಾರ ಕಳೆದಿರಬೇಕು. ಸೋಮವಾರ, ಮಧ್ಯಾಹ್ನ. ಕೋರ್ಟಿನಲ್ಲಿ ಸಾಕ್ಷಿಯೊಬ್ಬನ ಪಾಟೀಸವಾಲು ಮಾಡುತ್ತಿದ್ದವರು ನಡುವೆಯೇ ನಿಂತು, ಹೊರಗೆ ವರಾಂಡಕ್ಕೆ ಬಂದು ಕಂಬ ಹಿಡಿದರಂತೆ. ವಾಂತಿಯಾಯಿತು. ಸೋಸಿ ಚೆಲ್ಲಿದ ಚಹಾಪುಡಿಯಂಥ ಕಪ್ಪು. ಅಲ್ಲೇ ಕುಸಿದರು. ಅವರ ಕಾಗದಪತ್ರ ನೋಡುವ ಮುನ್ಶಿ ಟಾಂಗಾದಲ್ಲಿ ಹಾಕಿಕೊಂಡು ಸರಕಾರಿ ದವಾಖಾನೆಗೆ ಒಯ್ದು, ಮನೆಗೆ ಹೇಳಿಕಳಿಸಿದ. ಅತ್ತೆಯವರೂ ನಾನೂ ತಲೆಯ ಮೇಲೆ ಸೆರಗು ಸಹ ಸರಿ ಮಾಡಿಕೊಳ್ಳದೆ ಓಡಿದೆವು. ನಾಕೆಯಿಂದ ಗಂಡನೂ ಬಂದರು.

ಡಾಕ್ಟರು ಬೀದರದ ಕಡೆಯವರು, ನಡುವಯಸ್ಸಿನ ಸಮಾಧಾನದ ಮನುಷ್ಯ. ಮಂಚದ ಮೇಲೆ ಮಲಗಿಸಿದ ಮಾವನವರ ಕಣ್ಣರೆಪ್ಪೆ ಎಳೆದು ನೋಡಿ, ಹೊಟ್ಟೆ ಒತ್ತಿ ನೋಡಿ, "ವಕೀಲಸಾಬ್, ನೋವಿನ ದವಾ ಏನರೆ ತಗೋತೀರೇನು?" ಅಂತ ಕೇಳಿದರು.

"ಇಲ್ಲ" ಅಂದರು ಮಾವನವರು. ದನಿ ನೂಲಿನಷ್ಟಾಗಿತ್ತು. ಆದರೂ ತಿದ್ದಿದರು, "ಹಂಗ ನೋಡಿದ್ರ, ಯಾವಾಗರೆ ಒಂದು."

"ಯಾವಾಗರೆ ಅಂದ್ರ?"

"ಯಾವಾಗರೆ ಅಂದ್ರ ಯಾವಾಗರೆ."

ಡಾಕ್ಟರು ಅತ್ತೆಯವರ ಕಡೆ ತಿರುಗಿದರು. "ನೀವು ಹೇಳ್ರಿ ಅಮ್ಮಾ. ಇದು ತಿಳೀದಿದ್ರ ನಾ ಇಲಾಜು ಹ್ಯಾಂಗ ಮಾಡ್ಲಿ?"

"ಅವ್ರು ಹೇಳಿದಂಗರಿ" ಅಂದರು ಅತ್ತೆಯವರು. ಗಂಡ ಕಿಟಕಿಯ ಸರಳು ನೋಡುತ್ತ ನಿಂತಿದ್ದರು.

ನಾನು ಬಾಗಿಲ ಹೊರಗೆ, ಪರದೆಯ ಹಿಂದೆ ಇದ್ದೆ. ಪರದೆಯ ಸಂದಿಯಿಂದ ಮಾವನವರ ಕೆಳತುಟಿಯ ಮೇಲೆ ಆ ಕಪ್ಪು ಇನ್ನೂ ಅಂಟಿಕೊಂಡದ್ದು ಕಾಣುತ್ತಿತ್ತು. ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು.

"ಆರು, ಡಾಕ್ಟರ್ ಸಾಹೇಬ್ರ. ದಿನಕ್ಕ ಆರು. ಪುಡಿ ಬ್ಯಾರೆ."

ಮಂಚದ ಮೇಲಿಂದ ಆ ನೂಲಿನಂಥ ದನಿ ಬಂತು. "ಆಕಿಗೆ ಕೇಳ್ರಿ. ಗುಳಗಿ ನುಂಗಿದ್ದು ಕಣ್ಣಾರೆ ನೋಡ್ಯಾಳೇನು?"

ಮೈಯಲ್ಲಿ ರಕ್ತವಿಲ್ಲದಿದ್ದರೂ ಪಾಟೀಸವಾಲಿಗೆ ತ್ರಾಣವಿತ್ತು.

"ಆರು ಸಲ ನೀರು ಕೊಡಾಕಿ ನಾನ ಇದ್ದೀನ್ರಿ" ಅಂದೆ.

"ನೀರು ಕುಡ್ಯಾವ್ರೆಲ್ಲ ಗುಳಗಿ ನುಂಗ್ತಾರೇನು?"

ಡಾಕ್ಟರಿಗೆ ನಗು ತಡೆಯಲಿಲ್ಲ. ನಾನು ಪರದೆ ಸರಿಸಿ ಒಳಗೆ ಬಂದೆ. ಮಂಚದ ಕಾಲಿಗೆ ಅವರ ಕರಿ ಕೋಟು ತೂಗುಹಾಕಿತ್ತು. ಒಳಜೇಬಿನಿಂದ ಗುಳಿಗೆಯ ಡಬ್ಬಿ ತೆಗೆದೆ, ಹೊರಜೇಬಿನಿಂದ ಪುಡಿಯ ಪೊಟ್ಟಣಗಳನ್ನು ತೆಗೆದೆ, ಮೇಜಿನ ಮೇಲಿಟ್ಟೆ. ಮಾವನೆದುರು ಮುಸುಕಿಲ್ಲದೆ ನಿಂತದ್ದು ಅದೇ ಮೊದಲು ಅನ್ನುವುದು ಆಮೇಲೆ ನೆನಪಾಯಿತು.

ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದು ಸಣ್ಣ ಇಂಗ್ಲಿಷ್ ಅಕ್ಷರ ಓದಿದರು. "ವಕೀಲಸಾಬ್, ಎರಡೂ ಒಂದೇ ದವಾ, ಆಸ್ಪಿರಿನ್. ಅಂಗಿ ಬ್ಯಾರೆ ಹಾಕ್ಯಾರ. ನೀವು ಒಂದೇ ಮದ್ದು ಎರಡೆರಡು ಪಾಲು ನುಂಗೀರಿ, ಅದೂ ವರ್ಷಾನುಗಟ್ಟಲೆ, ಅದೂ ಬರೇ ಹೊಟ್ಟಿಮ್ಯಾಲ. ಅದು ಹೊಟ್ಟಿ ಒಳಗಿನ ಪದರ ಕೆರೆದು ಹುಣ್ಣು ಮಾಡ್ಯಾದ. ಹುಣ್ಣಿನಿಂದ ರಕ್ತ ಸೋರಿ ಹೊಟ್ಟ್ಯಾಗ ಕರ್ರಗಾಗಿ ಹೋಗಾಕತ್ತ್ಯಾದ. ಹಂಗ ಹೋಗೂದು ಯಾವಾಗ ಶುರುವಾಯ್ತು?"

"ಅದು ಗುರೆಳ್ಳು" ಅಂದರು ಮಾವನವರು.

"ಗುರೆಳ್ಳು ತಿಂದು ಯಾರೂ ಹಿಂಗ ಬಿಳಚೂದಿಲ್ಲ. ಮೊದಲ ದಿನವ ಬಂದಿದ್ರ ಇಷ್ಟ ಆಗ್ತಿರಲಿಲ್ಲ."

ಮಾವನವರು ಒಂಬತ್ತು ದಿನ ದವಾಖಾನೆಯ ಮಂಚ ಬಿಟ್ಟೇಳಲಿಲ್ಲ. ಮೊದಲ ಎರಡು ದಿನ ಡಾಕ್ಟರ ಮುಖದಲ್ಲೂ ಧೈರ್ಯವಿರಲಿಲ್ಲ. ಚಮಚೆಯಲ್ಲಿ ತಣ್ಣನೆಯ ಹಾಲು, ಅದೂ ತಾಸಿಗೊಮ್ಮೆ. ಅತ್ತೆಯವರು ಮಂಚದ ಕಾಲ ಬಳಿಯೇ ಕೂತು ಆ ಮೊಣಕಾಲನ್ನು ನೀವುತ್ತಿದ್ದರು. ಇಷ್ಟಕ್ಕೆಲ್ಲ ಕಾರಣವಾದ ಆ ಮೊಣಕಾಲನ್ನು ಇಷ್ಟು ವರ್ಷದಲ್ಲಿ ಯಾರೂ ನೀವಿಕೊಟ್ಟಿರಲಿಲ್ಲ, ನೀವಿಸಿಕೊಳ್ಳಲು ಅವರಿಗೆ ಪುರುಸೊತ್ತೂ ಇರಲಿಲ್ಲ.

ಮೂರನೆಯ ದಿನ ರಕ್ತ ನಿಂತಿತು, ತಲೆನೋವು ಎದ್ದಿತು. ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಮೂರೂ ಭಾಷೆಯಲ್ಲಿ ಬೈದರು. ಡಾಕ್ಟರನ್ನು ಅರೆವೈದ್ಯ ಅಂದರು, ನನ್ನನ್ನು ಮನೆಮುರುಕಿ ಅಂದರು. ಕೊನೆಗೆ ಮಗನನ್ನು ಕರೆದು, "ಒಂದ ಒಂದು ಗುಳಗಿ ತಂದು ಕೊಡು. ಯಾರಿಗೂ ತಿಳೀಬಾರದು" ಅಂದರು.

ನನ್ನ ಗಂಡ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ತರೂದಿಲ್ರಿ ಅಪ್ಪಾರ" ಅಂದರು.

ಒಂದೇ ಮಾತು. ಆದರೆ ಅದನ್ನು ಹೇಳಲು ಅವರು ಮೂವತ್ತು ವರ್ಷ ತೆಗೆದುಕೊಂಡಿದ್ದರು. ಅಂದು ಸಂಜೆ ಅವರಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದೆ.

ಮನೆಗೆ ಕಳಿಸುವಾಗ ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ಮಾವನವರು ಈ ಮದ್ದನ್ನು ಯಾವ ಹೆಸರಿನಲ್ಲೂ ಇನ್ನು ಮುಟ್ಟಬಾರದು. ಮೊಣಕಾಲಿಗೆ ಬಿಸಿ ಉಪ್ಪಿನ ಗಂಟಿನ ಶಾಖ, ಕೈಗೊಂದು ಬೆತ್ತ, ಮೈಯ ತೂಕ ಕಡಿಮೆ. ಮಿಕ್ಕವರು ನೋವು ತಡೆಯದಿದ್ದರೆ ಉಂಡ ಮೇಲೆ ಒಂದು ತಗೊಂಡರೆ ತಪ್ಪಿಲ್ಲ, ಆದರೆ ಎರಡು ಮೂರು ದಿನಕ್ಕೆ ಹೋಗದ ನೋವಿದ್ದರೆ ಅಂಗಡಿಗೆ ಹೋಗಬಾರದು, ದವಾಖಾನೆಗೆ ಬರಬೇಕು. ಬೇರೆ ಯಾವ ಮದ್ದು ತಗೊಳ್ಳುತ್ತಿದ್ದರೂ ಮುಚ್ಚಿಡದೆ ಹೇಳಬೇಕು. ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಿದರು. ಮಾವನವರು ಛಾವಣಿಯ ಕಡೆ ನೋಡಿದರು.

ನಾಲ್ಕು ತಿಂಗಳು ಮಾವನವರು ನನ್ನ ಜೊತೆ ಮಾತಾಡಲಿಲ್ಲ. ನಾನು ಎರಡು ಮೊಳ ದೂರದಲ್ಲಿ ನಿಂತಿದ್ದರೂ ಅತ್ತೆಯವರಿಗೆ, "ಆಕಿಗೆ ಹೇಳು, ಮಜ್ಜಿಗಿ ತರ್ಲಿ" ಅನ್ನುತ್ತಿದ್ದರು. ಅತ್ತೆಯವರು ನನ್ನ ಕಡೆ ತಿರುಗಿ, "ಮಜ್ಜಿಗಿ ತರಬೇಕಂತವಾ" ಅನ್ನುತ್ತಿದ್ದರು. ನಾನು ತಂದು ಅತ್ತೆಯವರ ಕೈಗೆ ಕೊಟ್ಟರೆ ಅದು ಒಂದು ಗೇಣು ದಾಟಿ ಅವರಿಗೆ ಮುಟ್ಟುತ್ತಿತ್ತು. ತಮ್ಮ ಪ್ರಾಣ ಉಳಿದದ್ದಕ್ಕಿಂತ ಸಾಕ್ಷಿ ತಮ್ಮ ವಿರುದ್ಧ ನಿಂತದ್ದು ಅವರಿಗೆ ದೊಡ್ಡದಾಗಿತ್ತು.

ಮೈಯಲ್ಲಿ ಕಸುವು ಬಂದ ಹಾಗೆ ಇನ್ನೊಂದು ಆವೇಶ ಬಂತು. ಈಗ ಗುಳಿಗೆಯೆಂಬುದು ಸಾಕ್ಷಾತ್ ಕಾಲಕೂಟ. ಯಾರಿಗೆ ಪುಕ್ಕಟೆ ಹಂಚಿದ್ದರೋ ಅವರನ್ನೇ ಕರೆಸಿ ಗುಳಿಗೆಯ ಘಾತಕತನದ ಬಗ್ಗೆ ಭಾಷಣ ಕೊಟ್ಟರು. ಕಿರಾಣಿ ಅಂಗಡಿಯ ಮುಂದೆ ಬೆತ್ತ ಊರಿ ನಿಂತು ಗಿರಾಕಿಗಳನ್ನು ತಿರುಗಿ ಕಳಿಸುತ್ತಿದ್ದರು. ಮೊದಲು ಎಷ್ಟು ತಿಳಿದು ಹೇಳುತ್ತಿದ್ದರೋ ಈಗಲೂ ಅಷ್ಟೇ ತಿಳಿದು ಹೇಳುತ್ತಿದ್ದರು.

ಆಗ ಅತ್ತೆಯವರ ದವಡೆ ಹಲ್ಲು ನೋಯಲು ಹತ್ತಿತು. ಗಲ್ಲ ಊದಿ ಕಣ್ಣು ಮುಚ್ಚಿತು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ಕಡಿಮೆಯಾಗಲಿಲ್ಲ. ಗಂಡ ದವಾಖಾನೆಗೆ ಹೋಗಿ ಕೇಳಿಕೊಂಡು ಬಂದರು. ಬಾವು ಇಳಿದ ಮೇಲೆ ಹಲ್ಲು ಕೀಳಬೇಕು, ಅಲ್ಲಿಯವರೆಗೆ ಎರಡು ದಿನ ಹೊಟ್ಟೆತುಂಬ ಉಂಡ ಮೇಲೆ ಒಂದೊಂದು ಗುಳಿಗೆ ಅಂತ ಡಾಕ್ಟರೇ ನಾಲ್ಕು ಕಟ್ಟಿಕೊಟ್ಟಿದ್ದರು.

ಮಾವನವರು ಪೊಟ್ಟಣ ನೋಡಿ ಬೆತ್ತ ಎತ್ತಿದರು. "ಈ ವಿಷ ನನ್ನ ಮನಿ ಹೊಸ್ತಿಲ ದಾಟೂದಿಲ್ಲ. ನೋವು ತಡ್ಕೋಬೇಕು. ನಾ ತಡ್ಕೊಂಡಿಲ್ಲೇನು?"

ಅತ್ತೆಯವರು ಹೂಂ ಅನ್ನಲಿಲ್ಲ. ಗಲ್ಲದ ಮೇಲಿನ ಕೈ ತೆಗೆದರು.

"ನೀವು ಒಂದ್ ದಿನ ತಡ್ಕೊಂಡಿಲ್ರಿ. ನಿಮ್ಮ ಗುಳಗಿ ಸಲುವಾಗಿ ನಾ ವರ್ಷಗಟ್ಟಲೆ ಸಪ್ಪನ ನುಚ್ಚು ತಿಂದೀನಿ. ನಿಮ್ಮ ಹೊಟ್ಟಿ ಸುಟ್ಟದ್ದಕ್ಕ ನನ್ನ ಹಲ್ಲು ಯಾಕ ಅಳಬೇಕು?"

ಮಾವನವರ ಬೆತ್ತ ಮೇಲೆಯೇ ಉಳಿಯಿತು. ಅತ್ತೆಯವರು ನನ್ನ ಕಡೆ ತಿರುಗಿ, "ಅನ್ನಾ ಹಾಕವಾ, ಮೆತ್ತಗ ಕಲಿಸಿ ಕೊಡು. ಉಂಡು ತಗೋಬೇಕಂತ" ಅಂದರು. ಉಂಡರು, ತಗೊಂಡರು, ಸೆರಗು ಹೊದ್ದು ಮಲಗಿದರು. ಎರಡು ದಿನಕ್ಕೆ ಮೂರೇ ಗುಳಿಗೆ ಸಾಕಾದವು. ಉಳಿದ ಒಂದನ್ನು ಅವರೇ ಡಾಕ್ಟರಿಗೆ ಮರಳಿಸಿದರು.

ಮೂರನೆಯ ದಿನ ಹಲ್ಲು ಕೀಳಿಸಲು ಹೋದೆವು. ಅತ್ತೆಯವರು ಒಬ್ಬರೇ ಒಳಗೆ ನಡೆದರು. ವರಾಂಡದ ಬೆಂಚಿನ ಮೇಲೆ ಒಂದು ತುದಿಗೆ ಮಾವನವರು ಕೂತರು, ಇನ್ನೊಂದು ತುದಿಯ ಕಂಬಕ್ಕೆ ಒರಗಿ ನಾನು ನಿಂತೆ. ಮಾತು ಮುಟ್ಟಿಸಲು ನಡುವೆ ಯಾರೂ ಇರಲಿಲ್ಲ. ಒಳಗಿನಿಂದ ಇಕ್ಕಳ ತಟ್ಟೆಗೆ ಬಿದ್ದ ಸದ್ದು ಕೇಳಿತು. ಮಾವನವರು ಎದ್ದರು, ಕೂತರು, ಮತ್ತೆ ಎದ್ದರು.

"ಭಾಳ ನೋವಾಗ್ತದೇನವಾ?" ಅಂತ ಕೇಳಿದರು. ನನ್ನನ್ನೇ ಕೇಳಿದ್ದು. ಅಲ್ಲಿ ಬೇರೆ ಯಾರೂ ಇರಲಿಲ್ಲವೆಂದು ನಾನು ಎರಡು ಸಲ ಖಾತ್ರಿ ಮಾಡಿಕೊಂಡೆ.

"ಆಗ್ತದ್ರಿ ಮಾವಾರ. ಆದ್ರ ಲಗೂ ಮುಗೀತದ" ಅಂದೆ.

ಅತ್ತೆಯವರು ಬಾಯಿಗೆ ಅರಿವೆ ಒತ್ತಿಕೊಂಡು ಹೊರಗೆ ಬಂದರು. ಮಾವನವರು ಹೇಗಾಯಿತು, ಎಷ್ಟು ಹೊತ್ತಾಯಿತು, ರಕ್ತ ಎಷ್ಟು ಹೋಯಿತು ಅಂತ ಒಂದರ ಹಿಂದೊಂದು ಕೇಳತೊಡಗಿದರು. ಅತ್ತೆಯವರು ಯಾವುದಕ್ಕೂ ನಿಲ್ಲದೆ, ಕಿತ್ತ ಹಲ್ಲನ್ನು ಮಾವನವರ ಅಂಗೈಯಲ್ಲಿಟ್ಟು, ಮೆಟ್ಟಿಲಿಳಿದು ಹೋಗಿ ಟಾಂಗಾದಲ್ಲಿ ಕೂತುಬಿಟ್ಟರು.